ಹೆಡ್‌ಸೆಟ್ಟಿನೊಳಗಿನ ಬೆಂಕಿ

(ಪೀಣ್ಯದ ಒಂದು ಕಾರ್ಖಾನೆ. ಮ್ಯಾನೇಜರ್ ಕೈಯಲ್ಲಿ ವಿಆರ್ ಹೆಡ್‌ಸೆಟ್. ಎದುರಿಗೆ ಹಿರಿಯ ಫಿಟ್ಟರ್.)

ಮ್ಯಾನೇಜರ್: ಹಾಕ್ಕೊಳ್ಳಿ. ಇನ್ಮೇಲೆ ಬೆಂಕಿ ಆರಿಸೋ ತರಬೇತಿಯೆಲ್ಲ ಇದರೊಳಗೇ. ಅಮೆರಿಕದಲ್ಲಿ ವಾಲ್‌ಮಾರ್ಟ್‌ನೋರು 2018ರಲ್ಲೇ 17,000 ಹೆಡ್‌ಸೆಟ್ ಅಂಗಡಿಗಳಿಗೆ ಕಳಿಸೋಕೆ ಹೊರಟ್ರು.

ಫಿಟ್ಟರ್: ನಮಗೆಷ್ಟು ಬಂದಿದೆ ಸಾರ್?

ಮ್ಯಾನೇಜರ್: ಒಂದು. ಪಾಳಿ ಹಾಕೋಣ.

ಫಿಟ್ಟರ್: (ಹಾಕಿಕೊಂಡು) ಅಯ್ಯಯ್ಯೋ, ಬೆಂಕಿ! ಪಿನ್ನು ಕಿತ್ತೆ... ಬುಡಕ್ಕೇ ಹೊಡೆದೆ... ಆರೇ ಹೋಯ್ತು!

ಮ್ಯಾನೇಜರ್: ನೂರಕ್ಕೆ ನೂರು!

ಫಿಟ್ಟರ್: ಒಳಗಿರೋ ಸಿಲಿಂಡರ್ ಹೊಸದು ಸಾರ್. ಗೋಡೆ ಮೇಲಿರೋದು ರೀಫಿಲ್ ಆಗಿ ಯಾವ ಕಾಲ ಆಯ್ತೋ.

ಮ್ಯಾನೇಜರ್: ಆ ದುಡ್ಡಲ್ಲೇ ಕಣ್ರೀ ಇದನ್ನ ತಂದಿದ್ದು.

ಫಿಟ್ಟರ್: ತಲೆ ಸುತ್ತುತ್ತಿದೆ.

ಮ್ಯಾನೇಜರ್: ನಡೀತಿದೀನಿ ಅಂತ ಕಣ್ಣು ಹೇಳುತ್ತೆ, ನಿಂತೇ ಇದೀನಿ ಅಂತ ಒಳಕಿವಿ ಹೇಳುತ್ತೆ. ಅವೆರಡರ ಜಗಳಕ್ಕೆ ಹೊಟ್ಟೆ ತೊಳಸುತ್ತೆ.

ಫಿಟ್ಟರ್: ಯೂನಿಯನ್ನಿಗೂ ಆಡಳಿತಕ್ಕೂ ಜಗಳ ಆದಾಗ್ಲೂ ಹೊಡೆತ ಹೊಟ್ಟೇಗೇ ಸಾರ್.

ಮ್ಯಾನೇಜರ್: ಮುಂದೆ ಮೀಟಿಂಗೂ ಇದರಲ್ಲೇ. ಎಲ್ಲರೂ ಬೊಂಬೆ ರೂಪದಲ್ಲಿ ಬರ್ತೀವಿ. 2021ರಲ್ಲಿ ಫೇಸ್‌ಬುಕ್‌ನೋರು ಇಂಥ ಮೀಟಿಂಗ್ ಶುರುಮಾಡಿದಾಗ ಬೊಂಬೆಗಳಿಗೆ ಸೊಂಟದ ಕೆಳಗೆ ಏನೂ ಇರಲಿಲ್ಲ!

ಫಿಟ್ಟರ್: ಕಾಲೇ ಇಲ್ವಾ? ಹಾಗಾದ್ರೆ ಬೋನಸ್ ಮಾತು ಬಂದ ತಕ್ಷಣ ದೊಡ್ಡ ಸಾಹೇಬ್ರು ಎದ್ದು ಹೋಗೋ ಹಾಗಿಲ್ಲ! ಇವತ್ತೇ ಕರೀರಿ ಸಾರ್ ಮೀಟಿಂಗು.

ಮ್ಯಾನೇಜರ್: (ಹೆಡ್‌ಸೆಟ್ ಕಿತ್ತುಕೊಂಡು) ಚಾರ್ಜ್ ಖಾಲಿಯಾಗಿದೆ.