ವರದಿಗಾರ-ಗೂಢಚಾರ: ಮಡಂತ್ಯಾರು ವಲಯಕ್ಕೆ ಅನ್ವಯಿಸಿ ಒಂದು ಶಾಸ್ತ್ರೀಯ ವಿವೇಚನೆ

ಯುದ್ಧಕಾಲದಲ್ಲಿ ಪರದೇಶದ ಗುಟ್ಟು ಕದಿಯಲು ಪತ್ರಕರ್ತನ ವೇಷದಲ್ಲಿ ಬೀಡುಬಿಟ್ಟ ಬೇಹುಗಾರನೇ ವರದಿಗಾರ-ಗೂಢಚಾರ. ಈ ಪ್ರಭೇದ ಪ್ರಾಚೀನವಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಬೇಹುಗಾರನಿಗೆ ಕಪಟ ಶಿಷ್ಯ, ಸನ್ಯಾಸಿ, ಗೃಹಸ್ಥ, ವ್ಯಾಪಾರಿ, ತಪಸ್ವಿ ಮೊದಲಾದ ವೇಷಗಳನ್ನು ವಿಧಿಸುತ್ತದೆ; ವರದಿಗಾರನ ಸುದ್ದಿಯೇ ಅದರಲ್ಲಿಲ್ಲ. ಕರಾವಳಿಯಲ್ಲೂ ವಿಷಯ ತಡವಾಯಿತು. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ದಂಡು ಬಂಟ್ವಾಳ ಹಾದು ಮಂಗಳೂರಿಗೆ ನುಗ್ಗಿದಾಗ ಕಂಪನಿ ಸರಕಾರಕ್ಕೆ ಬೇಹು ತುರ್ತಾಗಿ ಬೇಕಿತ್ತು. ಆದರೆ ಹರ್ಮನ್ ಮೋಗ್ಲಿಂಗ್ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು 1843ರ ಜುಲೈ 1ರಂದು. ಪತ್ರಿಕೆಯೇ ಇಲ್ಲದ ಊರಿನಲ್ಲಿ ಪತ್ರಕರ್ತನ ವೇಷ ಹಾಕುವುದು ಕಷ್ಟವೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪ್ರಭೇದದ ಮಾದರಿ ಜೀವಿ ರಿಚರ್ಡ್ ಸೋರ್ಗೆ. ಬಾಕು ನಗರದ ಬಳಿ 1895ರಲ್ಲಿ ಜನನ. ತಂದೆ ಜರ್ಮನ್, ತಾಯಿ ರಷ್ಯನ್. 1933ರಲ್ಲಿ ಟೋಕಿಯೊ ಸೇರಿ ‘ಫ್ರಾಂಕ್‌ಫರ್ಟರ್ ತ್ಸೈಟುಂಗ್’ ಪತ್ರಿಕೆಗೆ ಬರೆಯುತ್ತ, ಸೋವಿಯತ್ ಸೇನೆಯ ಬೇಹು ಇಲಾಖೆಗೂ ಬರೆಯುತ್ತಿದ್ದ. ನಾಜಿ ಪಕ್ಷದ ಸದಸ್ಯತ್ವ ಪಡೆದ; ಜರ್ಮನ್ ರಾಯಭಾರಿ ಓಟ್‌ನ ಆಪ್ತನಾದ; ರಾಯಭಾರ ಕಚೇರಿಯ ಸುದ್ದಿಪತ್ರವನ್ನೂ ಸಂಪಾದಿಸಿಕೊಟ್ಟ. ಈತನ ತಂಡದಲ್ಲಿದ್ದ ಓಝಾಕಿ ಮತ್ತು ವುಕೆಲಿಚ್ ಕೂಡ ಪತ್ರಕರ್ತರೇ. ಬೇಹುಜಾಲವೋ ಪತ್ರಕರ್ತರ ಸಂಘವೋ ಎಂಬ ಗೊಂದಲ ಸಹಜ. ಸಂದೇಶಗಳನ್ನು ಗುಪ್ತಲಿಪಿಗಿಳಿಸಲು ಬಳಸುತ್ತಿದ್ದದ್ದು ಜರ್ಮನಿಯ ಅಂಕಿಅಂಶಗಳ ವಾರ್ಷಿಕ ಗ್ರಂಥ. ಆ ಗ್ರಂಥಕ್ಕೆ ಅಷ್ಟು ಶ್ರದ್ಧೆಯ ಓದುಗರು ಬೇರೆ ಸಿಕ್ಕಿರಲಾರರು.

ವೃತ್ತಿಯ ಅಪಾಯಗಳಲ್ಲಿ ಕುಡಿತ ಮುಖ್ಯವಾದುದು. 1938ರ ಒಂದು ರಾತ್ರಿ ಸೋರ್ಗೆ ಕಂಠಪೂರ್ತಿ ಕುಡಿದು ಮೋಟಾರ್ ಸೈಕಲನ್ನು ಅಮೆರಿಕದ ರಾಯಭಾರ ಕಚೇರಿಯ ಬಳಿ ಗೋಡೆಗೆ ಗುದ್ದಿದ. ದವಡೆ ಮುರಿಯಿತು, ಹಲ್ಲುಗಳು ಉದುರಿದವು. ಕೋಟಿನ ಜೇಬಿನಲ್ಲಿ ಗುಪ್ತ ವರದಿಗಳೂ ಡಾಲರ್‌ಗಳೂ ಇದ್ದವು. ರೇಡಿಯೊ ಸಹಾಯಕ ಕ್ಲಾಸೆನ್ ಆಸ್ಪತ್ರೆಗೆ ಓಡಿಬಂದು ಜೇಬು ಖಾಲಿ ಮಾಡುವವರೆಗೂ ಪ್ರಜ್ಞೆ ತಪ್ಪದಂತೆ ಹಲ್ಲು ಕಚ್ಚಿ ಮಲಗಿದ್ದ. ಉಳಿದಿದ್ದ ಹಲ್ಲುಗಳನ್ನು ಎಂದು ಸೇರಿಸಿಕೊಳ್ಳಬೇಕು.

ಈ ಪ್ರಭೇದ ಮಡಂತ್ಯಾರಿನಲ್ಲಿ ಬದುಕುಳಿದೀತೇ ಎಂಬುದು ಮುಂದಿನ ಪ್ರಶ್ನೆ. ಬಿ.ಸಿ. ರೋಡಿನಿಂದ ಚಾರ್ಮಾಡಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪುಂಜಾಲಕಟ್ಟೆ ಕಳೆದು, ಗುರುವಾಯನಕೆರೆಗೆ ಮೊದಲು ಸಿಗುವ ಪೇಟೆ ಇದು. ಬಸ್ಸಿಳಿದ ಅಪರಿಚಿತ ಹೋಟೆಲಿನ ಬೆಂಚಿನ ಮೇಲೆ ಕೂರುತ್ತಲೇ ತನಿಖೆ ಆರಂಭವಾಗುತ್ತದೆ. “ಇಲ್ಲ್ ಓಲು?” ಎಂಬುದು ಮೊದಲ ಪ್ರಶ್ನೆ. ಮನೆ ಮೂಡುಬಿದಿರೆಯ ಕಡೆ ಎಂದರೆ ಅಲ್ಲಿ ಯಾರ ಪೈಕಿ, ವೇಣೂರಿನಲ್ಲಿ ಕೊಟ್ಟ ಅತ್ತೆ ಹೇಗಿದ್ದಾರೆ, ಜಾಗದ ತಕರಾರು ಮುಗಿಯಿತೇ ಎಂದು ಪ್ರಶ್ನೆಗಳು ಸಾಲುಗಟ್ಟುತ್ತವೆ. ಇಲ್ಲದ ಅತ್ತೆಯ ಆರೋಗ್ಯ ವಿವರಿಸುವ ತರಬೇತಿಯನ್ನು ಮಾಸ್ಕೋ ಕೊಟ್ಟಿರಲಿಲ್ಲ. ಉತ್ತರಗಳನ್ನು ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಒಂದೇ ತೆರನಾಗಿ ಕೊಡಬೇಕು. ಸೋರ್ಗೆಯನ್ನು ಹಿಡಿಯಲು ಜಪಾನಿ ಪೊಲೀಸರಿಗೆ ಎಂಟು ವರ್ಷ ಬೇಕಾಯಿತು. ಇಲ್ಲಿ ಚಾ ಆರುವುದರೊಳಗೆ ಆಗುವ ಕೆಲಸ.

ಎರಡನೆಯ ತೊಡಕು ಕಚ್ಚಾವಸ್ತುವಿನ ಅಭಾವ. ಕೋಲ, ಕಂಬಳ, ಯಕ್ಷಗಾನದ ದಿನಾಂಕಗಳನ್ನು ರಿಕ್ಷಾಕ್ಕೆ ಮೈಕ್ ಕಟ್ಟಿ ಸಾರಲಾಗುತ್ತದೆ. ಅಡಿಕೆ ಧಾರಣೆ ಪತ್ರಿಕೆಯಲ್ಲೇ ಬರುತ್ತದೆ. ನಿಜವಾದ ಗುಟ್ಟೆಂದರೆ ಯಾವ ತೋಟದವರ ಅಟ್ಟದಲ್ಲಿ ಹಳೆ ಅಡಿಕೆ ಎಷ್ಟು ಉಳಿದಿದೆ ಎಂಬುದೊಂದೇ. ಅದನ್ನು ಯಜಮಾನ ಹೆಂಡತಿಗೂ ಹೇಳುವುದಿಲ್ಲವಾದ್ದರಿಂದ ವಿದೇಶಿ ಶಕ್ತಿಗಳಿಗೆ ದಕ್ಕುವ ಸಂಭವ ಕಡಿಮೆ.

ಆದರೂ ಸೋರ್ಗೆಗೂ ಈ ಭಾಗದ ಬಿಡಿ ವರದಿಗಾರನಿಗೂ ಜೀವನಕ್ರಮದಲ್ಲಿ ಬೆರಗಾಗುವಷ್ಟು ಸಾಮ್ಯವಿದೆ. 1941ರ ಜೂನ್‌ನಲ್ಲಿ ಜರ್ಮನಿ ದಂಡೆತ್ತಿ ಬರಲಿದೆ ಎಂದು ಸೋರ್ಗೆ ಮೊದಲೇ ತಿಳಿಸಿದ್ದ, ಸ್ಟಾಲಿನ್ ನಂಬಲಿಲ್ಲ. ಘಟನಾಸ್ಥಳದಲ್ಲಿರುವವನ ಮಾತಿಗಿಂತ ಕೇಂದ್ರ ಕಚೇರಿಯವರ ಊಹೆಗೆ ತೂಕ ಹೆಚ್ಚೆಂಬುದು ಎರಡೂ ವೃತ್ತಿಗಳ ಮೂಲಸೂತ್ರ. ಆ ವರ್ಷ ಕ್ಲಾಸೆನ್ ಮನಸ್ಸು ಬದಲಿಸಿ, ಸೋರ್ಗೆ ಬರೆದುಕೊಟ್ಟದ್ದರಲ್ಲಿ ಬಹುಭಾಗವನ್ನು ಕತ್ತರಿಸಿ ಉಳಿದಷ್ಟನ್ನು ಮಾತ್ರ ರವಾನಿಸುತ್ತಿದ್ದ. ಈ ಕಾರ್ಯವನ್ನು ಪತ್ರಿಕಾಲಯಗಳಲ್ಲಿ ಡೆಸ್ಕ್ ಎಂಬ ವಿಭಾಗ ನಿರ್ವಹಿಸುತ್ತದೆ, ಮನಸ್ಸು ಬದಲಿಸುವ ಅಗತ್ಯವಿಲ್ಲದೆಯೇ. ಜಪಾನ್ ಸದ್ಯಕ್ಕೆ ಸೋವಿಯತ್ ಗಡಿ ದಾಟದು ಎಂಬ ವರದಿಯನ್ನು ಮಾತ್ರ ಮಾಸ್ಕೋ ಗಂಭೀರವಾಗಿ ತೆಗೆದುಕೊಂಡಿತು. ಅಷ್ಟರಲ್ಲಿ ಅಕ್ಟೋಬರ್ 18ರಂದು ಸೋರ್ಗೆಯ ಬಂಧನವಾಯಿತು.

ಇನ್ನು ಪುರಸ್ಕಾರ. 1944ರ ನವೆಂಬರ್ 7ರಂದು ಸುಗಾಮೊ ಸೆರೆಮನೆಯಲ್ಲಿ ಓಝಾಕಿಯನ್ನೂ ಸೋರ್ಗೆಯನ್ನೂ ಗಲ್ಲಿಗೇರಿಸಲಾಯಿತು. ಈತ ನಮ್ಮವನೆಂದು ಸೋವಿಯತ್ ಸರಕಾರ ಒಪ್ಪಿ ವೀರ ಪದವಿ ಕೊಟ್ಟದ್ದು ಇಪ್ಪತ್ತು ವರ್ಷಗಳ ಬಳಿಕ, 1964ರಲ್ಲಿ. ಮೋಗ್ಲಿಂಗನ ಪತ್ರಿಕೆಯ ನೆನಪಿಗೆ ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ಕರ್ನಾಟಕದಲ್ಲಿ ವ್ಯವಸ್ಥೆ ಹೆಚ್ಚು ಮಾನವೀಯವಾದುದು. ಇಲ್ಲಿ ವರದಿಗಾರ ಬದುಕಿರುವಾಗಲೇ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲುತ್ತವೆ. ಸನ್ಮಾನದ ವರದಿಯನ್ನು ಫೋಟೋ ಸಮೇತ ಸಂಜೆಯೊಳಗೆ ಆತನೇ ಕಳಿಸಿಕೊಡತಕ್ಕದ್ದು.