ಬ್ಯಾಕಪ್ ಭಾವ

ಪ್ರತಿ ಕುಟುಂಬದಲ್ಲೂ ಒಬ್ಬ ಬ್ಯಾಕಪ್ ಭಾವ ಇರುತ್ತಾರೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ನಿಂತವರ ಕೈಯಿಂದ ಹೊಸ ಫೋನ್ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ. ಕಳೆದುಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳುವವರು ಅವರೇ. ಗೃಹಪ್ರವೇಶಕ್ಕೆ ಬಂದವರು ಗೋಡೆಯ ಬಿರುಕು ತೋರಿಸಿದ ಹಾಗೆ.

ನಮ್ಮ ಕಥೆಯ ಭಾವ ಬ್ಯಾಂಕಿನಿಂದ ನಿವೃತ್ತರು, ಲಲಿತ ಪ್ರಬಂಧ ಬರೆಯುತ್ತಾರೆ. ಒಟ್ಟು 160 ಆಗಿವೆ. ಪ್ರಕಟವಾದವು ಕಡಿಮೆ, ಭದ್ರವಾಗಿರುವವು ಎಲ್ಲವೂ. ಈ ಭದ್ರತೆಯ ಹುಚ್ಚಿಗೆ ಎರಡು ಹಳೆಯ ಗಾಯಗಳು ಕಾರಣ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ಪ್ರಬಂಧಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಕನ್ನಡದ ಜಾಗದಲ್ಲಿ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ನೆರೆದಿತ್ತು. ಆಮೇಲೆ 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಹಾಕಿತು. ಅಲ್ಲಿ ಭಾವನ ಹಾಸ್ಯಕ್ಕೆ ಹನ್ನೊಂದು ಜನ ಮೆಚ್ಚುಗೆ ಬರೆದಿದ್ದರು. ಆ ಹನ್ನೊಂದೂ ಹೋದವು.

ಅಂದಿನಿಂದ ಅವರಿಗೆ ಮೂರು-ಎರಡು-ಒಂದು ಎನ್ನುವುದೇ ಗಾಯತ್ರಿ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಸೂತ್ರ ಇದು: ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದಾದರೂ ಪರಸ್ಥಳದಲ್ಲಿರಬೇಕು. "ಇದನ್ನ ಅಮೆರಿಕದವರಿಂದ ಕಲೀಬೇಕಾ?" ಎಂದು ಭಾವ ಎದೆಯುಬ್ಬಿಸುತ್ತಾರೆ. "ಹತ್ತನೇ ಶತಮಾನದಲ್ಲೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ್ದಳು. ಸಾವಿರ! ಓಲೆಗರಿಯಲ್ಲಿ!" ಸಾವಿರ ಎನ್ನುವಾಗ ಅವರ ದನಿ ಏರುತ್ತದೆ. ಹಂಚಿದ್ದಳು ಎನ್ನುವಾಗ ಇಳಿದಿರುತ್ತದೆ.

ಪ್ರತಿ ಮಾಡುವುದನ್ನು ಮನುಷ್ಯರ ನೆನಪಿಗೆ ಬಿಡಬಾರದು ಎಂಬುದು ಅವರ ಎರಡನೇ ನಂಬಿಕೆ. ಹಾಗಾಗಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿ, ಕ್ರಾನ್ ಕಲಿತರು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವ ಮೂಕ ಆಳು ಅದು. ದಿನಾ ರಾತ್ರಿ ಎರಡಕ್ಕೆ ಓಡಬೇಕಾದರೆ ಒಂದು ಸೊನ್ನೆ, ಒಂದು ಎರಡು, ಆಮೇಲೆ ಮೂರು ನಕ್ಷತ್ರ ಬರೆಯಬೇಕು. ಇದನ್ನು ಅಕ್ಕನಿಗೆ ವಿವರಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಯಾವ್ಯಾವ ನಕ್ಷತ್ರ?"

ಯಾವ ತಾರೀಖಾದರೂ ಸರಿ, ಯಾವ ತಿಂಗಳಾದರೂ ಸರಿ, ಯಾವ ವಾರವಾದರೂ ಸರಿ ಎಂಬುದು ಆ ಮೂರು ನಕ್ಷತ್ರಗಳ ಅರ್ಥ ಎಂದು ಭಾವ ಹೇಳಿದರು. ರಾಹುಕಾಲ ನೋಡದೆ ಶುರು ಮಾಡಿದ ಕೆಲಸ ಎಲ್ಲಿಗೆ ಮುಟ್ಟೀತು ಎಂದು ಅಕ್ಕನಿಗೆ ಆಗಲೇ ಅನ್ನಿಸಿತ್ತಂತೆ.

ಮೊದಲ ನಾಲ್ಕು ತಿಂಗಳು ಅದು ಎಲ್ಲಿಗೂ ಮುಟ್ಟಲಿಲ್ಲ. ರಾತ್ರಿ ಹತ್ತಕ್ಕೆ ಅಕ್ಕ ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ತಿರುಗಿಸಿ, ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಮಲಗುತ್ತಾಳೆ. ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪೂ ಆಕೆಯ ಜೊತೆಗೇ ಮಲಗುತ್ತಿತ್ತು. ಕ್ರಾನ್ ಬಲು ನಿಷ್ಠುರ. ಎರಡು ಗಂಟೆಗೆ ಯಂತ್ರ ಆರಿದ್ದರೆ ಅವತ್ತಿನ ಕೆಲಸ ತಪ್ಪಿತು, ಬೆಳಿಗ್ಗೆ ಎದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಪದ್ಧತಿ ಅದಕ್ಕಿಲ್ಲ. ಸಂಗತಿ ಗೊತ್ತಾದ ದಿನ ಭಾವ ಸ್ವಿಚ್ಚಿನ ಮೇಲೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿದರು.

ಅಲ್ಲಿಂದ ಎಲ್ಲವೂ ಗಡಿಯಾರದಂತೆ ನಡೆಯಿತು. ಮಗ ಹಾಕಿಕೊಟ್ಟ ತಂತ್ರಾಂಶದಿಂದ, ಪ್ರಬಂಧಗಳಿದ್ದ ಗೂಗಲ್ ಡ್ರೈವಿನ ಫೋಲ್ಡರ್ ಲ್ಯಾಪ್‌ಟಾಪಿನಲ್ಲೇ ಕಾಣುತ್ತಿತ್ತು. ರಾತ್ರಿ ಎರಡಕ್ಕೆ ಅದು ಒಮ್ಮೆ ಹಾರ್ಡ್‌ಡಿಸ್ಕಿಗೆ, ಇನ್ನೊಮ್ಮೆ ಅಮೆಜಾನಿನ ಮುಂಬೈ ಉಗ್ರಾಣಕ್ಕೆ ನಕಲಾಗುತ್ತಿತ್ತು. ಎಸ್3 ಎಂಬ ಈ ಉಗ್ರಾಣ 2006ರಿಂದ ಇದೆ. ಅದರ ಬಾಳಿಕೆಯ ಲೆಕ್ಕದಲ್ಲಿ ಹನ್ನೊಂದು ಒಂಬತ್ತುಗಳಿವೆ: ಒಂದು ಕೋಟಿ ಫೈಲ್ ಇಟ್ಟರೆ, ಸರಾಸರಿ ಹತ್ತು ಸಾವಿರ ವರ್ಷಕ್ಕೆ ಒಂದು ಕಳೆದೀತು. ಭಾವ ಇಟ್ಟದ್ದು 160. "160 ಫೈಲು, ದೋಷ ಸೊನ್ನೆ" ಎಂದು ಬೆಳಿಗ್ಗೆ ಬರುವ ಮೇಲ್ ಓದಿಯೇ ಅವರ ಕಾಫಿ.

ಈ ಧೈರ್ಯದ ಮೇಲೆಯೇ ಅನಾಹುತ ನಡೆದದ್ದು. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಮೊಮ್ಮಗಳ ನಾಮಕರಣದ ವಿಡಿಯೊಗಳಿಂದ ಅದು ತುಂಬಿತು. ನಾಮಕರಣ ಅಳಿಸಿದರೆ ಅಕ್ಕ ಬಿಡುವವಳಲ್ಲ. "ಪ್ರಬಂಧ ಹೇಗೂ ಮೂರು ಕಡೆ ಇದೆಯಲ್ಲ" ಎಂದು ಭಾವ ಡ್ರೈವಿನ ಮೂಲವನ್ನೇ ಅಳಿಸಿದರು. ಹಾರ್ಡ್‌ಡಿಸ್ಕೂ ಮುಂಬೈಯೂ ಸೇರಿ ಎರಡೇ ಎಂಬುದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರಿಗೆ ಹೊಳೆಯಲಿಲ್ಲ. ಮೂವತ್ತು ದಿನಕ್ಕೆ ಗೂಗಲ್ ತನ್ನ ಕಸದಬುಟ್ಟಿಯನ್ನೂ ತೊಳೆಯಿತು.

ಅದಾಗಿ ಎರಡು ತಿಂಗಳಿಗೆ, ಅಜ್ಜಿಯ ನೂರನೇ ವರ್ಷದ ನೆನಪಿಗೆ ಮನೆಮಂದಿ ಸಣ್ಣ ಪುಸ್ತಕ ತರಲು ಹೊರಟರು. "ಭಾವ, ಅಜ್ಜಿಯ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ರಲ್ಲ, ಅದನ್ನ ಕಳಿಸಿ" ಎಂದು ಫೋನ್ ಬಂತು. "ಒಂದೇ ನಿಮಿಷ" ಎಂದರು ಭಾವ. ಇಷ್ಟು ವರ್ಷದಲ್ಲಿ ಬ್ಯಾಕಪ್ಪನ್ನು ತೆರೆದು ನೋಡಿದ್ದು ಅದೇ ಮೊದಲು.

ಫೈಲ್ ಇತ್ತು. ಹೆಸರೂ ತಾರೀಖೂ ಸರಿಯಾಗಿದ್ದವು. ಒಳಗೆ ಪ್ರಬಂಧ ಇರಲಿಲ್ಲ. ಗೂಗಲ್ ಡಾಕ್ಸಿನಲ್ಲಿ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಫೈಲಿನಂತೆ ಕಂಡರೂ, ಅದು ಮೂಲ ಎಲ್ಲಿದೆ ಎಂದು ಹೇಳುವ ವಿಳಾಸದ ಚೀಟಿ ಮಾತ್ರ. ಉಪ್ಪಿನಕಾಯಿಯ ಜಾಡಿ ಒಡೆದುಹಾಕಿ, "ಉಪ್ಪಿನಕಾಯಿ ಅಟ್ಟದ ಮೇಲಿದೆ" ಎಂಬ ಚೀಟಿಯನ್ನು ಭಾವ ಹತ್ತು ಸಾವಿರ ವರ್ಷದ ಉಗ್ರಾಣದಲ್ಲಿ ಕಾಪಾಡಿಟ್ಟಿದ್ದರು. ಒಂದಲ್ಲ, 160 ಚೀಟಿ.

ಮಗ ಫೋನಿನಲ್ಲಿ ಸಮಾಧಾನ ಹೇಳಿದ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲೇ ಒಬ್ಬ ಇಂಜಿನಿಯರ್ ಕೈತಪ್ಪಿ ಅಸಲಿ ಡೇಟಾಬೇಸ್ ಅಳಿಸಿದ್ದನಂತೆ. ಹುಡುಕಿದರೆ ಐದು ಬಗೆಯ ಬ್ಯಾಕಪ್ಪಿನಲ್ಲಿ ಒಂದೂ ನೆಟ್ಟಗಿರಲಿಲ್ಲವಂತೆ. "ಐದಾ?" ಎಂದು ಭಾವ ಕೊಂಚ ಚೇತರಿಸಿಕೊಂಡರು.

ಮೂರನೇ ದಿನ ಬೆಳಿಗ್ಗೆ ಅಕ್ಕ ತನ್ನ ಫೋನ್ ತಂದು ಅವರ ಮುಂದೆ ಹಿಡಿದಳು. ಕುಟುಂಬದ ವಾಟ್ಸಾಪ್ ಗುಂಪು. ಅದನ್ನು ಭಾವ "ಹರಿದ ಚೀಲ" ಎಂದು ಕರೆದು ಎಂದೋ ಮ್ಯೂಟ್ ಮಾಡಿದ್ದಾರೆ. ಚಿಕ್ಕಮ್ಮ ಕಳಿಸಿದ ಸಂದೇಶ, ತಲೆಯ ಮೇಲೆ ಹಲವು ಬಾರಿ ದಾಟಿ ಬಂದದ್ದೆಂಬ ಜೋಡಿ ಬಾಣ. ಕೆಳಗೆ ಮಿಡಿ ಉಪ್ಪಿನಕಾಯಿ ಪ್ರಬಂಧ, ಅಷ್ಟೂ. ಭಾವನ ಅಜ್ಜಿ ಮಾತ್ರ "ನಮ್ಮೂರಿನ ಒಬ್ಬ ಅಜ್ಜಿ" ಆಗಿದ್ದರು. ಕೊನೆಯಲ್ಲಿ ಭಾವನ ಹೆಸರಿನ ಜಾಗದಲ್ಲಿ, "ಬರೆದ ಪುಣ್ಯಾತ್ಮರು ಯಾರೋ, ಐದು ಜನಕ್ಕೆ ಕಳಿಸಿ."

ಭಾವ ನಡುಗುವ ಕೈಯಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿದರು. "ಚಿಕ್ಕಮ್ಮಾ, ಆ ಉಪ್ಪಿನಕಾಯಿದು ನಿಮಗೆ ಎಲ್ಲಿಂದ ಸಿಕ್ತು?"

"ನಂಗೇನು ಗೊತ್ತೋ, ಭಜನಾ ಮಂಡಳಿ ಗುಂಪಲ್ಲಿ ಬಂತು. ನೀನೂ ಏನೇನೋ ಬರೀತೀಯಲ್ಲ, ಒಂದ್ಸಲ ಓದಿ ನೋಡು. ಹೀಗಿರ್ಬೇಕು."