ಮೋಟಾರು ಮೇಷ್ಟ್ರು

ಪ್ರತಿ ಬೀದಿಗೂ ಇಂಥವರೊಬ್ಬರು ಮಂಜೂರಾಗಿರುತ್ತಾರೆ. ಬೆಂಗಳೂರಿನ ನಮ್ಮ ಬೀದಿಯ ಪಾಲಿಗೆ ಬಂದವರು ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಷ್ಟ್ರು. ಬ್ಯಾಟರಿಯಲ್ಲಿ ಓಡುವ ಗೋ-ಕಾರ್ಟ್ ಮಾಡಿಕೊಡುತ್ತೇನೆಂದು ಮೊಮ್ಮಗನಿಗೆ ಮಾತು ಕೊಟ್ಟಿದ್ದಾರೆ. ಚೌಕಟ್ಟು ವೆಲ್ಡಿಂಗ್ ಆಯಿತು, ಚಕ್ರ ಬಂತು, ಸ್ಟೀರಿಂಗ್ ಬಂತು, ಸೀಟಿಗೆ ರೆಕ್ಸಿನ್ ಕೂಡ ಹೊಲಿಸಿಯಾಯಿತು. ಬಾಕಿ ಇರುವುದು ಮೋಟಾರು. ಗಾಡಿ ಗ್ಯಾರೇಜಿನಲ್ಲಿ ಕೂತಿದೆ. ಮೋಟಾರುಗಳ ಜಾತಕವೆಲ್ಲ ಮೇಷ್ಟ್ರ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಇದುವರೆಗೆ ಒಂದೂ ಕೂಡಿಬಂದಿಲ್ಲ.

ಬ್ರಷ್ ಇರುವ ಡಿ.ಸಿ. ಮೋಟಾರು ಅಗ್ಗ, ಎರಡು ವೈರು ಕೊಟ್ಟರೆ ತಿರುಗುತ್ತದೆ. "ಕಾರ್ಬನ್ ಬ್ರಷ್ ಸವೆಯುತ್ತೆ ಕಣ್ರೀ, ಕಿಡಿ ಹಾರುತ್ತೆ." ಸರಿ, ಬ್ರಷ್‌ಲೆಸ್ ತಗೊಳ್ಳಿ. "ಅದಕ್ಕೆ ಬೇರೆ ಕಂಟ್ರೋಲರ್ ಬೇಕು. ಹಾಲ್ ಸೆನ್ಸರ್ ಕೈಕೊಟ್ಟರೆ ಗಾಡಿ ಗಡಗಡ ನಡುಗುತ್ತೆ." ಹಾಗಾದರೆ ಸ್ಕೂಟರಿನ ಹಬ್ ಮೋಟಾರು? ಚಕ್ರದೊಳಗೇ ಇರುತ್ತೆ, ಚೈನಿನ ರಗಳೆಯಿಲ್ಲ. "ಗೇರ್ ರೇಶಿಯೋ ಬದಲಾಯಿಸೋಕಾಗಲ್ಲ. ಏರು ಬಂದರೆ ಏನು ಮಾಡ್ತೀರಿ?" ನಮ್ಮ ಬೀದಿಯಲ್ಲಿ ಏರೇ ಇಲ್ಲ. ಇರುವುದು ಎರಡು ಹಂಪು. ಇ-ರಿಕ್ಷಾದ ಮೋಟಾರು ಡಿಫರೆನ್ಷಿಯಲ್ ಸಮೇತ ಸಿಗುತ್ತದಲ್ಲ ಎಂದರೆ ಗಾಡಿಗಿಂತ ಆಕ್ಸಲ್ಲೇ ಅಗಲವಂತೆ. ಎದುರುಮನೆಯ ಮೆಕ್ಯಾನಿಕ್ಕು ಕಾರಿನ ಸ್ಟಾರ್ಟರ್ ಮೋಟಾರು ಹಾಕಿಬಿಡಿ ಅಂದ. ಅದು ನೂರಾರು ಆಂಪಿಯರ್ ಕುಡಿಯುತ್ತೆ, ಕೆಲವೇ ಸೆಕೆಂಡು ತಿರುಗಲಿ ಅಂತ ಮಾಡಿದ್ದು, ಬೀದಿಯ ಕೊನೆ ಮುಟ್ಟುವ ಮೊದಲೇ ಸುಟ್ಟುಹೋಗುತ್ತೆ ಎಂದರು ಮೇಷ್ಟ್ರು. ಆ ಒಂದು ಮಾತು ಮಾತ್ರ ನೂರಕ್ಕೆ ನೂರು ನಿಜ.

ಈ ಜಾತಿಯವರಿಗೆ ಉತ್ತರ ಗೊತ್ತಿಲ್ಲ ಎಂದಲ್ಲ. ಬಾಯಿಪಾಠವೇ ಆಗಿರುತ್ತದೆ. 48 ವೋಲ್ಟು, 1000 ವ್ಯಾಟು, 3000 ಆರ್‌ಪಿಎಂ. ಹಾಗೇ ಬಿಟ್ಟರೆ ಟಾರ್ಕು ಬರೀ 3.2 ನ್ಯೂಟನ್ ಮೀಟರು. ಒಂದಕ್ಕೆ ಆರರಂತೆ ಸ್ಪ್ರಾಕೆಟ್ ಹಾಕಿದರೆ 19. ಹತ್ತಿಂಚಿನ ಚಕ್ರವಾದರೆ ಗಂಟೆಗೆ 24 ಕಿಲೋಮೀಟರು. ಮಗುವಿಗೆ ಅದರರ್ಧವೇ ಧಾರಾಳ. ಇಷ್ಟನ್ನು ಒಪ್ಪಿಸುವ ಹೊತ್ತಿಗೆ, ಮೋಟಾರು ಕೊಂಡೇಬಿಟ್ಟರು ಎಂದು ಕೇಳುವವನಿಗೆ ಅನ್ನಿಸಬೇಕು. ಆಗ ಕನ್ನಡಕ ಮೂಗಿನ ತುದಿಗಿಳಿಯುತ್ತದೆ. "ಆದರೆ ಕಣ್ರೀ, ಸ್ಟಾರ್ಟಿಂಗ್ ಕರೆಂಟು?" ನಿಂತಲ್ಲಿಂದ ಹೊರಡುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇಷ್ಟ್ರ ಕಷ್ಟವೂ ಅಷ್ಟೇ: ಓಡುವುದಕ್ಕೇನೂ ತೊಂದರೆಯಿಲ್ಲ, ಹೊರಡುವುದೇ ಆಗುತ್ತಿಲ್ಲ.

ಎಸ್.ಪಿ. ರಸ್ತೆಯಲ್ಲಿ ಅವರ ಕೊಡೆ ಕಂಡರೆ ಅಂಗಡಿ ಹುಡುಗರು ಹನ್ನೊಂದು ಗಂಟೆಗೇ ಊಟಕ್ಕೆ ಹೊರಡುತ್ತಾರೆ. "ಟೀ ಕುಡೀರಿ ಸಾರ್, ಮೋಟಾರ್ ಮಾತ್ರ ಕೇಳ್ಬೇಡಿ" ಎಂದು ಮಾಲೀಕನೊಬ್ಬ ಕೈಮುಗಿದನಂತೆ. ಟೀ ಕುಡಿದು, ಕೇಳಿಯೇ ಬಂದರು. ಯಾವುದೋ ಒಂದನ್ನು ಬಿಗಿದುಬಿಡಿ ಮೇಷ್ಟ್ರೇ ಎಂದರೆ ಊರಿನ ಮರ್ಯಾದೆ ಅಡ್ಡ ಬರುತ್ತದೆ: "2001ರಲ್ಲೇ ರೇವಾ ಕಾರನ್ನ ರಸ್ತೆಗಿಳಿಸಿದ ಊರು ಕಣ್ರೀ ಇದು!" ಮನೆಯಲ್ಲೂ ನೆಮ್ಮದಿಯಿಲ್ಲ. ಮಿಕ್ಸಿಯೊಳಗಿರುವುದು ಎ.ಸಿ.ಯಲ್ಲೂ ಡಿ.ಸಿ.ಯಲ್ಲೂ ತಿರುಗಬಲ್ಲ ಯೂನಿವರ್ಸಲ್ ಮೋಟಾರು ಎಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟರು ನೋಡಿ, ಅವತ್ತಿನಿಂದ ಅವರ ಹೆಂಡತಿ ಮಿಕ್ಸಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಚಟ್ನಿ ರುಬ್ಬಬೇಕಾದರೆ ಸೊಂಟದಿಂದ ಕೀಲಿ ತೆಗೆಯಬೇಕು.

ಮೊದಲ ಗೋ-ಕಾರ್ಟ್ ಕಟ್ಟಿದ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ 1956ರಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನನ್ನೇ ಬಿಗಿದು ಓಡಿಸಿದನಂತಲ್ಲ ಎಂದು ಒಮ್ಮೆ ಹೇಳಿ ನೋಡಿದೆ.

"ಪಾಪ," ಎಂದರು ಮರುಕದಿಂದ. "ಅವನಿಗೆ ಚಾಯ್ಸ್ ಇರಲಿಲ್ಲ."

ಹೋದ ಭಾನುವಾರ ಬೆಳಿಗ್ಗೆ ಮೊಮ್ಮಗ ಕಾಯುವುದನ್ನು ಬಿಟ್ಟು ಗಾಡಿಯನ್ನು ಬೀದಿಗೆ ಎಳೆದು ತಂದ. ಪಕ್ಕದ ಮನೆ ಹುಡುಗಿ ಸೀಟಿನಲ್ಲಿ, ಇವನು ಹಿಂದಿನಿಂದ ತಳ್ಳುವುದು. ಮೇಷ್ಟ್ರು ಗದರಿಸುತ್ತಾರೆ ಅಂದುಕೊಂಡೆ. ಅವರು ಒಳಗೆ ಓಡಿ ಸ್ಪ್ರಿಂಗ್ ತಕ್ಕಡಿ ತಂದು ಗಾಡಿಯ ಮುಂದಕ್ಕೆ ಸಿಕ್ಕಿಸಿ, ಹುಡುಗನ ಕೈಲಿ ಎಳೆಸಿದರು. ಐದು ಕೆ.ಜಿ. ಎಳೆತ, ಸೆಕೆಂಡಿಗೆ ಎರಡು ಮೀಟರು.

"ಹತ್ತಿರ ಹತ್ತಿರ ನೂರು ವ್ಯಾಟು ಕಣ್ರೀ! ನಿಂತಲ್ಲೇ ಪೂರ್ತಿ ಟಾರ್ಕು! ಕಂಟ್ರೋಲರೂ ಬೇಡ!"

"ಬ್ರಷ್ಷೂ ಇಲ್ಲ," ಅಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. "ಎದ್ದವನೇ ಹಲ್ಲುಜ್ಜದೆ ಓಡಿ ಬಂದಿದಾನೆ."

ನೋಟ್‌ಬುಕ್ ಬಂತು, ಹೊಸ ಪುಟ ತೆರೆಯಿತು. ಮೇಷ್ಟ್ರು ಅಂಕಿ ಬರೆದು ಅಡಿಗೆರೆ ಎಳೆಯುವಷ್ಟರಲ್ಲಿ ಹುಡುಗ ಏದುಸಿರು ಬಿಡುತ್ತ ಫುಟ್‌ಪಾತಿನ ಮೇಲೆ ಕುಸಿದು ಕೂತ. "ಅಜ್ಜೀ, ದೋಸೆ ಆಯ್ತಾ?"

ಪೆನ್ನು ನಿಂತಿತು. ಕನ್ನಡಕ ಮೂಗಿನ ತುದಿಗಿಳಿಯಿತು.

"ಆದರೆ ಕಣ್ರೀ, ಚಾರ್ಜಿಂಗ್ ಟೈಮು?"